ಶಿವರಾತ್ರಿಯಿಂದ ಯುಗಾದಿಯವರೆಗೆ ಕಾಡು ಕಾಯುವವರು ಯಾರು?

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅಂತ ನಮ್ಮ ಅಜ್ಜಿಯರು ಹೇಳುತ್ತಾರೆ. ಚಳಿ ಬಿಟ್ಟ ಜಾಗಕ್ಕೆ ಬೆಂಕಿ ಬಂದು ಕೂರುತ್ತದೆ ಅನ್ನೋ ಮಾತನ್ನ ಕಾಡಂಚಿನ ಅಜ್ಜಿಯರು ಮಾತ್ರ ಅದಕ್ಕೆ ಸೇರಿಸುತ್ತಾರೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಚಾಮರಾಜನಗರ, ಹುಣಸೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳೆಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಾಘ ಕಳೆಯುವ ಹೊತ್ತಿಗೆ ತೇಗ, ದಿಂಡಿಗ, ಮತ್ತಿ ಎಲ್ಲವೂ ಎಲೆ ಉದುರಿಸಿ ನಿಂತಿರುತ್ತವೆ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಕೆಂಡದಂಥ ಬಿಸಿಲು. ಕಾಲಿಟ್ಟಲ್ಲೆಲ್ಲ ತರಗು ಚರಚರ ಅನ್ನುತ್ತದೆ. ಮುತ್ತುಗ ಹೂ ಬಿಟ್ಟು ಕಾಡು ಕೆಂಪಾಗುವುದನ್ನ ನೋಡಿ ಕವಿಗಳು ವಸಂತ ಬಂತು ಅಂತ ಬರೆಯುತ್ತಾರೆ. ಅದೇ ಹೊತ್ತಿನಲ್ಲಿ ನಮ್ಮ ಅಪ್ಪಂದಿರು, ಅಣ್ಣಂದಿರು ಕೈಯಲ್ಲೊಂದು ಮಚ್ಚು, ಹೆಗಲಿಗೊಂದು ನೀರಿನ ಕ್ಯಾನು ಹಾಕಿಕೊಂಡು ಕಾಡಿಗೆ ಹೋಗುತ್ತಾರೆ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಆದ್ದರಿಂದ ನಾವು ಬರೆಯುತ್ತಿದ್ದೇವೆ.

ಪೇಪರು ತೆಗೆದು ನೋಡಿ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಒಂದೇ ಸುದ್ದಿ. ‘ಕಿಡಿಗೇಡಿಗಳಿಂದ ಕಾಡಿಗೆ ಬೆಂಕಿ’, ‘ಬೆಂಕಿ ನಂದಿಸಿದ ಅರಣ್ಯ ಇಲಾಖೆ’. ಈ ಎರಡು ಸಾಲಿನಲ್ಲಿ ಎರಡು ಮೋಸ ಇದೆ. ಕಿಡಿಗೇಡಿ ಅಂದರೆ ಯಾರು ಅಂತ ಬಿಡಿಸಿ ಹೇಳುವುದಿಲ್ಲ, ಆದರೆ ಓದಿದವರೆಲ್ಲರಿಗೂ ಗೊತ್ತಾಗುವ ಹಾಗೆ ಬರೆದಿರುತ್ತಾರೆ: ದನ ಕಾಯುವವನು, ಸೌದೆ ತರುವವಳು, ಪೋಡಿನ ಸೋಲಿಗ, ಹಾಡಿಯ ಜೇನುಕುರುಬ, ಕಾಡಂಚಿನ ಕೇರಿಯ ಹೊಲೆಯ. ಇನ್ನು ‘ಅರಣ್ಯ ಇಲಾಖೆ’ ಬೆಂಕಿ ನಂದಿಸಿತು ಅಂದರೆ ಯಾರು ನಂದಿಸಿದರು? ಇಲಾಖೆ ಅನ್ನೋದಕ್ಕೆ ಕೈಕಾಲು ಇದೆಯೇ? ಇದೆ. ಆ ಕೈಯೂ ನಮ್ಮದೇ, ಸುಟ್ಟ ಕಾಲೂ ನಮ್ಮದೇ. ಬೆಂಕಿ ಹಾಕಿದವನು ಅನ್ನೋ ಪಟ್ಟಿಯಲ್ಲಿ ನಮ್ಮ ಜಾತಿ ಕಾಣುತ್ತದೆ. ಬೆಂಕಿ ಆರಿಸಿದವನು ಅನ್ನೋ ಪಟ್ಟಿಯಲ್ಲಿ ನಮ್ಮ ಹೆಸರೂ ಕಾಣುವುದಿಲ್ಲ.

ಮೊದಲು ಕೆಲಸ ಏನು ಅಂತ ನೋಡೋಣ. ಪಟ್ಟಣದಲ್ಲೇ ಬೆಳೆದ ಗೆಳೆಯರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಳೆ ನಿಂತು ಹುಲ್ಲು ಹಣ್ಣಾಗುವಾಗಲೇ ಬೆಂಕಿ ರೇಖೆ ಶುರುವಾಗುತ್ತದೆ. ಕಾಡಿನ ಗಡಿಯುದ್ದಕ್ಕೂ, ದಾರಿಗಳ ಎರಡೂ ಪಕ್ಕಕ್ಕೂ ಹುಲ್ಲು, ಲಂಟಾನ, ಪೊದೆ ಎಲ್ಲಾ ಕಡಿದು ಮಲಗಿಸಬೇಕು. ಅದು ಒಣಗಬೇಕು. ಆಮೇಲೆ ಗಾಳಿ ಇಲ್ಲದ ಹೊತ್ತು ನೋಡಿ, ಎರಡೂ ಬದಿಗೆ ಆಳು ನಿಲ್ಲಿಸಿಕೊಂಡು, ಕಡಿದದ್ದನ್ನ ಸುಟ್ಟು ಬೂದಿ ಮಾಡಬೇಕು. ಹೀಗೆ ಬೋಳಾದ ಪಟ್ಟಿಯೇ ಬೆಂಕಿ ರೇಖೆ. ಒಂದು ಕಡೆಯಿಂದ ಬಂದ ಬೆಂಕಿ ಸುಡಲು ಏನೂ ಸಿಗದೆ ಅಲ್ಲಿಗೆ ನಿಲ್ಲಬೇಕು ಅನ್ನೋದು ಲೆಕ್ಕ. ಲಂಟಾನ ಕಡಿಯೋದು ಅಂದರೆ ಗುಲಾಬಿ ಕಟಾವಲ್ಲ. ಮುಳ್ಳು ಕಿತ್ತ ಕೈ ರಾತ್ರಿ ಊಟಕ್ಕೆ ಕೂತಾಗ ಉರಿಯುತ್ತದೆ. ಸಾರಿನ ಖಾರವೂ ಅದಕ್ಕೆ ಸೇರಿಕೊಳ್ಳುತ್ತದೆ.

ಜನವರಿ ಕಳೆಯುತ್ತಾ ಬೆಂಕಿ ಕಾವಲು. ಅಟ್ಟಣೆ ಮೇಲೆ, ವಾಚ್ ಟವರಿನ ಮೇಲೆ ಕೂತು ಹೊಗೆ ನೋಡಬೇಕು. ಹೊಗೆ ಕಂಡರೆ ಓಡಬೇಕು. ಈಗ ಉಪಗ್ರಹ ಇದೆ ಅಂತಾರೆ, ನಿಜ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹ ನೋಡಿ ಬೆಂಕಿಯ ಜಾಗ ತಿಳಿಸುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯದೇ. ಆದರೆ ಉಪಗ್ರಹ ದಿನಕ್ಕೆ ಕೆಲವು ಸಲ ಮಾತ್ರ ತಲೆ ಮೇಲೆ ಹಾದುಹೋಗುತ್ತದೆ, ಮತ್ತು ಅದು ಸೊಪ್ಪು ಹಿಡಿದು ಬಡಿಯುವುದಿಲ್ಲ. ಬಡಿಯೋದು ಮನುಷ್ಯ. ಹಸಿ ಕೊಂಬೆ ಮುರಿದುಕೊಂಡು, ಬೆಂಕಿಯ ಮುಖಕ್ಕಲ್ಲ, ಪಕ್ಕಕ್ಕೆ ನಿಂತು, ನಾಲಗೆ ಚಾಚಿದ ಕಡೆ ಬಡಿದು ಬಡಿದು ಅದುಮಬೇಕು. ಈಚೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಬಂದಿದೆ, ತರಗು ಊದಿ ದಾರಿ ಬಿಡಿಸುತ್ತದೆ. ಎಲ್ಲರಿಗೂ ಇಲ್ಲ. ದೊಡ್ಡ ಬೆಂಕಿಯಾದರೆ ಎದುರು ಬೆಂಕಿ ಕೊಡಬೇಕು: ಬರುವ ಬೆಂಕಿಗೆ ಎದುರಾಗಿ ಇನ್ನೊಂದು ಬೆಂಕಿ ಹಚ್ಚಿ, ಎರಡೂ ಸೇರಿ ಸಾಯುವ ಹಾಗೆ ಮಾಡಬೇಕು. ಗಾಳಿ ಯಾವ ಕಡೆ, ಇಳಿಜಾರು ಯಾವ ಕಡೆ, ಹಳ್ಳ ಎಲ್ಲಿ ಅಂತ ಗೊತ್ತಿಲ್ಲದವನು ಇದನ್ನ ಮಾಡಹೋದರೆ ತಾನೇ ನಡುವೆ ಸಿಕ್ಕಿಕೊಳ್ಳುತ್ತಾನೆ. ಇದನ್ನ ಯಾವ ಟ್ರೈನಿಂಗ್ ಸ್ಕೂಲಿನಲ್ಲಿ ಕಲಿತರು ನಮ್ಮ ಜನ? ಅಪ್ಪನ ಹಿಂದೆ ನಡೆದು ಕಲಿತರು. ಅದರ ನಡುವೆ ಆನೆ. ಬೆಂಕಿಗೆ ಹೆದರಿ ಮರಿ ಕಟ್ಟಿಕೊಂಡು ಬರುವ ಆನೆಗೆ ಇವನು ಬೆಂಕಿ ಆರಿಸಲು ಬಂದವನು ಅಂತ ಯಾರು ಹೇಳಬೇಕು?

ಸತ್ತವರ ಲೆಕ್ಕ ಹೇಳುತ್ತೇವೆ, ಕೇಳಿ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಎಳೆ ವಯಸ್ಸಿನ ಫಾರೆಸ್ಟ್ ಗಾರ್ಡ್ ಬೆಂಕಿಯ ನಡುವೆ ಸಿಕ್ಕಿ ಸತ್ತರು. 2020ರ ಫೆಬ್ರುವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮೂವರು ಕಾವಲುಗಾರರು ಒಂದೇ ಬೆಂಕಿಯಲ್ಲಿ ಹೋದರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡುಮನೆ ಹತ್ತಿರ ಇನ್ನೊಬ್ಬ ಗಾರ್ಡ್ ಸುಟ್ಟಗಾಯಕ್ಕೆ ಬಲಿಯಾದರು. ಮೂರೂ ಫೆಬ್ರುವರಿ. ಒಬ್ಬ ಡಿ.ಸಿ.ಎಫ್. ಆಗಲಿ, ಸಿ.ಸಿ.ಎಫ್. ಆಗಲಿ ಈ ಪಟ್ಟಿಯಲ್ಲಿಲ್ಲ. ಅವರೂ ಸಾಯಲಿ ಅನ್ನೋ ಕೆಟ್ಟ ಮನಸ್ಸು ನಮಗಿಲ್ಲ. ಬೆಂಕಿಯ ಹತ್ತಿರ ಯಾರು ಇರುತ್ತಾರೆ, ವೈರ್‌ಲೆಸ್ಸಿನ ಹತ್ತಿರ ಯಾರು ಇರುತ್ತಾರೆ ಅಂತ ಎಣಿಸಿ ನೋಡಿ ಅಂತ ಮಾತ್ರ ಹೇಳುತ್ತೇವೆ. ಖಾಕಿ ತೊಟ್ಟ ಗಾರ್ಡ್ ಕೂಡ ನಮ್ಮ ನಿಮ್ಮಂಥ ಪಿ.ಯು.ಸಿ. ಓದಿದ ಬಡವರ ಮಗನೇ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನು ಸತ್ತರೆ ಕನಿಷ್ಠ ಸರ್ಕಾರಿ ನೌಕರ ಸತ್ತ ಅಂತ ಲೆಕ್ಕಕ್ಕೆ ಬರುತ್ತಾನೆ. ಅವನ ಪಕ್ಕದಲ್ಲಿ ನಿಂತು ಸೊಪ್ಪು ಬಡಿದವನು ಮೂರು ತಿಂಗಳ ದಿನಗೂಲಿ. ಅವನು ಯಾರ ಲೆಕ್ಕ?

ನಮ್ಮ ಜೊತೆ ಓದುವ ಹುಡುಗನೊಬ್ಬನ ಅಪ್ಪ ಹದಿನಾಲ್ಕು ಬೇಸಿಗೆ ಬೆಂಕಿ ಕಾವಲು ಮಾಡಿದ್ದಾರೆ. ಯಾವ ವಲಯ ಅನ್ನೋದು ಬೇಡ, ಇನ್ನೂ ಅಲ್ಲೇ ಕೂಲಿಗೆ ಹೋಗಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ಚೀಟಿ ಅವರ ಕೈಯಲ್ಲಿಲ್ಲ. ಎನ್.ಎಂ.ಆರ್.ನಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ, ಅದರಲ್ಲಿ ಎಷ್ಟು ದಿನ ಬರೆದಿತ್ತು ಅಂತ ಓದಲು ಬರುವುದಿಲ್ಲ. ‘ಬುದ್ಧೀ, ಹೋದ ತಿಂಗಳದ್ದು ಬಂದಿಲ್ಲ’ ಅಂತ ಕೈಕಟ್ಟಿ ಕೇಳಿದರೆ ‘ಗ್ರಾಂಟ್ ಬರಲಿ ಕಣಯ್ಯಾ, ನಿನ್ನ ದುಡ್ಡು ನಾನು ತಿಂತೀನಾ’ ಅನ್ನೋ ಉತ್ತರ. ಗ್ರಾಂಟ್ ಬರುವಷ್ಟರಲ್ಲಿ ಮುಂಗಾರು ಬರುತ್ತದೆ. ಮಗ ಹಾಸ್ಟೆಲಿಗೆ ಹೋಗುವಾಗ ಬಸ್ ಚಾರ್ಜಿಗೆ ಸಾಲ ಮಾಡುತ್ತಾರೆ.

ಇದು ಒಂದು ಮನೆಯ ಕತೆ, ಅದನ್ನೇ ಹಿಡಿದು ಎಲ್ಲರನ್ನೂ ಬಯ್ಯುತ್ತೀರಿ ಅಂತ ಹೇಳುವವರಿಗೆ ಪೇಪರಿನಲ್ಲಿ ಬಂದದ್ದೇ ತೋರಿಸುತ್ತೇವೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ವಿಷ ತಿಂದು ಸತ್ತವು. ದೇಶಕ್ಕೆ ದೇಶವೇ ಮರುಗಿತು. ಮರುಗಬೇಕಾದ್ದೇ. ಆಮೇಲೆ ಒಂದೊಂದೇ ಹೊರಗೆ ಬಂತು: ಆ ಕಾಡು ಕಾಯುವ ಹೊರಗುತ್ತಿಗೆ ಕಾವಲುಗಾರರಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಐದು ಹುಲಿ ಸಾಯದೇ ಇದ್ದಿದ್ದರೆ ಆ ಸಂಬಳದ ಮಾತು ಯಾರ ಕಿವಿಗೆ ಬೀಳುತ್ತಿತ್ತು? ಕೂಲಿಯವನ ಹಸಿವು ಸುದ್ದಿಯಾಗಬೇಕಾದರೆ ಹುಲಿ ಸಾಯಬೇಕು. ಇದು ನಮ್ಮ ನಾಡಿನ ನ್ಯಾಯ.

ಖಾಯಂ ಮಾಡಿ ಅಂತ ಕೋರ್ಟಿಗೆ ಹೋದರೆ ಉಮಾದೇವಿ ಕೇಸು ತೋರಿಸುತ್ತಾರೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ನಮ್ಮ ರಾಜ್ಯದ ದಿನಗೂಲಿಗಳದ್ದೇ ಕೇಸು. ದಿನಗೂಲಿಯಾಗಿ ಎಷ್ಟು ವರ್ಷ ದುಡಿದರೂ ಅದರಿಂದಲೇ ಖಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಅಂತ ಹೇಳಿದ ಕೋರ್ಟು, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಬಿಡದೆ ದುಡಿದವರಿಗೆ ಮಾತ್ರ ಒಂದು ಸಲಕ್ಕೆ ಬಾಗಿಲು ತೆರೆಯಿತು. ಬೆಂಕಿ ಕಾವಲಿನವನಿಗೆ ಹತ್ತು ವರ್ಷ ಬಿಡದೆ ದುಡಿಯುವುದು ಹೇಗೆ ಸಾಧ್ಯ? ಮಳೆ ಬಿದ್ದ ದಿನವೇ ಅವನನ್ನ ಮನೆಗೆ ಕಳಿಸುತ್ತಾರಲ್ಲ! ಅವನು ಮುಂದಿನ ವರ್ಷವೂ ಹೊಸಬ, ಅದರ ಮುಂದಿನ ವರ್ಷವೂ ಹೊಸಬ. ಹದಿನಾಲ್ಕು ವರ್ಷದ ಹೊಸಬ.

ಇನ್ನು ಬೆಂಕಿ ಯಾರು ಹಾಕುತ್ತಾರೆ ಅನ್ನೋ ಮಾತು. ಇದರಿಂದ ನಾವು ನುಣುಚಿಕೊಳ್ಳುವುದಿಲ್ಲ. ಈ ನಾಡಿನ ಕಾಡಿನ ಬೆಂಕಿ ಹೆಚ್ಚುಪಾಲು ಮನುಷ್ಯನಿಂದಲೇ ಬೀಳುತ್ತದೆ, ಬಿದಿರು ಬಿದಿರು ತಿಕ್ಕಿಕೊಂಡು ಅಲ್ಲ. ಹೊಸ ಹುಲ್ಲು ಬರಲಿ ಅಂತ ದನ ಕಾಯುವವನು ಕಡ್ಡಿ ಗೀರುವುದುಂಟು. ಜಮೀನಿನ ಸೋಗೆ ಸುಡುವಾಗ ಹಾರುವುದುಂಟು. ರಸ್ತೆಯಲ್ಲಿ ಹೋಗುವ ಕಾರಿನಿಂದ ಸಿಗರೇಟು ಬೀಳುವುದುಂಟು. ಕೇಸು ಹಾಕಿದ ಗಾರ್ಡಿನ ಮೇಲಿನ ಸಿಟ್ಟಿಗೆ ಹಾಕುವುದೂ ಉಂಟು. ಇದೆಲ್ಲ ಇದೆ. ಆದರೆ ದನ ಯಾರದ್ದು ಅಂತ ಯಾರಾದರೂ ಕೇಳಿದ್ದಾರಾ? ಬಂಡೀಪುರದ ಅಂಚಿನ ಊರುಗಳಿಂದ ಸಗಣಿ ಗೊಬ್ಬರ ಲಾರಿಯಲ್ಲಿ ಕೇರಳದ ತೋಟಗಳಿಗೆ ಹೋಗುತ್ತದೆ. ಹಾಲಿಗಲ್ಲ, ಉಳುಮೆಗಲ್ಲ, ಸಗಣಿಗಾಗಿಯೇ ಮಂದೆ ಸಾಕುವುದು ಬೆಳೆದು ಎಷ್ಟೋ ವರ್ಷವಾಯಿತು. ಕಾಡಿಗೆ ಮಂದೆ ಹೊಡೆದುಕೊಂಡು ಹೋದ ಕೇರಿಯ ಹುಡುಗ ಸಿಕ್ಕಿಬೀಳುತ್ತಾನೆ. ಮಂದೆಯ ಯಜಮಾನನ ಹೆಸರು, ಲಾರಿಯವನ ಹೆಸರು, ತೋಟದವನ ಹೆಸರು ಎಫ್.ಐ.ಆರ್.ಗೆ ಬರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಚಳಿ ಮುಗಿಯುವ ಹೊತ್ತಿಗೆ, ಬಿಸಿಲು ಇನ್ನೂ ಬಲಿಯುವ ಮುಂಚೆ, ನೆಲದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ನೆಲದಲ್ಲಿ ಇನ್ನೂ ತೇವ ಇರುತ್ತದೆ, ತರಗು ತೆಳ್ಳಗಿರುತ್ತದೆ. ಬೆಂಕಿ ಮೊಣಕಾಲೆತ್ತರಕ್ಕೂ ಏಳದೆ ನೆಲ ನೆಕ್ಕಿಕೊಂಡು ಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಪೊದೆ ಎದ್ದುನಿಲ್ಲುವುದಿಲ್ಲ, ಹುಲ್ಲು ಚಿಗುರುತ್ತದೆ, ಕಡವೆ ಜಿಂಕೆಗೆ ಮೇವಾಗುತ್ತದೆ. ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಅನ್ನೋ ಬಂದಳಿಕೆಯೂ ಈ ಬೆಂಕಿಯಿಂದ ಹತೋಟಿಯಲ್ಲಿರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಲಂಟಾನ ಬಂದು ಕಾಡು ನುಂಗಿತು ಅಂತ ಸೋಲಿಗರು ಹೇಳಿದಾಗ ಕಾಡುಜನ ಏನೋ ಅಂತಾರೆ ಅಂದರು. ಸಂಶೋಧಕರು ಅದೇ ಮಾತನ್ನ ಸೋಲಿಗರಿಂದಲೇ ಕೇಳಿಕೊಂಡು 2012ರಲ್ಲಿ ಇಂಗ್ಲಿಷಿನಲ್ಲಿ ಬರೆದಾಗ ಜ್ಞಾನ ಆಯಿತು. ಲಂಟಾನ ನಮ್ಮ ಅಜ್ಜ ತಂದದ್ದಲ್ಲ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಕಲ್ಕತ್ತೆಯ ತೋಟಕ್ಕೆ ಅಂದಕ್ಕಾಗಿ ತಂದ ಗಿಡ ಅದು.

ಇಲ್ಲಿ ನೋಡಿ ವಿಚಿತ್ರ. ಸೋಲಿಗ ಚಳಿಯ ಕೊನೆಗೆ ತರಗು ಸುಟ್ಟರೆ ವನ್ಯಜೀವಿ ಕಾಯ್ದೆ 1972, ಕಲಂ 30, ಕೇಸು. ಅದೇ ಚಳಿಯಲ್ಲಿ ಅದೇ ಸೋಲಿಗನ ಕೈಗೆ ಕೂಲಿ ಕೊಟ್ಟು ಇಲಾಖೆ ಸುಡಿಸಿದರೆ ಬೆಂಕಿ ರೇಖೆ, ವೈಜ್ಞಾನಿಕ ನಿರ್ವಹಣೆ. ಬೆಂಕಿ ಅದೇ, ಕಡ್ಡಿ ಅದೇ, ಕೈ ಕೂಡ ಅದೇ. ಬದಲಾದದ್ದು ಅಪ್ಪಣೆ ಕೊಡುವ ಬಾಯಿ ಮಾತ್ರ.

ಈಗಲೇ ಹೋಗಿ ಕಾಡಿಗೆ ಬೆಂಕಿ ಹಾಕಿ ಅಂತ ನಾವು ಹೇಳುತ್ತಿಲ್ಲ. ಯಾರಾದರೂ ಹಾಗೆ ಓದಿಕೊಂಡರೆ ಅದು ಅವರ ದುರುದ್ದೇಶ. ಆಳೆತ್ತರದ ಲಂಟಾನ ತುಂಬಿದ ಕಾಡಿಗೆ ಇವತ್ತು ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗುವುದಿಲ್ಲ. ಲಂಟಾನವೇ ಏಣಿಯಾಗಿ ಬೆಂಕಿ ಮರದ ತಲೆಗೆ ಹತ್ತುತ್ತದೆ. ಮೊದಲು ಲಂಟಾನ ಕೀಳಬೇಕು, ಎಲ್ಲಿ ಯಾವಾಗ ಎಷ್ಟು ಸುಡಬೇಕು ಅನ್ನೋದನ್ನ ಕಾಡು ಗೊತ್ತಿರುವವರು ಕೂತು ತೀರ್ಮಾನ ಮಾಡಬೇಕು. ನಮ್ಮ ಜಗಳ ಆ ತೀರ್ಮಾನದ ಕುರ್ಚಿಯ ಬಗ್ಗೆ. ನೂರೈವತ್ತು ವರ್ಷದಿಂದ ಆ ಕುರ್ಚಿಯಲ್ಲಿ ನಾವಿಲ್ಲ. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬ್ರಿಟಿಷ್ ಅಧಿಕಾರಿ ತೇಗ ಉಳಿಸಲು ಬೆಂಕಿ ನಿಷೇಧಿಸಿದ. ಮೈಸೂರು ಸಂಸ್ಥಾನದಲ್ಲಿ 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಬಂಡೀಪುರ ಮಹಾರಾಜರ ಬೇಟೆ ಕಾಡಾಗಿತ್ತು, 1973ರಲ್ಲಿ ಹುಲಿ ಯೋಜನೆಯ ಮೊದಲ ಕಾಡುಗಳಲ್ಲಿ ಒಂದಾಯಿತು. ರಾಜ ಹೊಡೆದ ಹುಲಿಯ ಜೊತೆ ಕಾಲಿಟ್ಟು ತೆಗೆಸಿಕೊಂಡ ಫೋಟೋ ಅರಮನೆಯಲ್ಲಿದೆ, ಸೋಬೆಗೆ ಹೋದ ನಮ್ಮವರು ಮಾತ್ರ ಕಳ್ಳಬೇಟೆಗಾರರು. 1927ರ ಭಾರತೀಯ ಅರಣ್ಯ ಕಾಯ್ದೆಯ ಕಲಂ 79 ತೆಗೆದು ಓದಿ: ಮೀಸಲು ಕಾಡಿನಲ್ಲಿ ಯಾವುದಾದರೂ ಹಕ್ಕು ಅನುಭವಿಸುವವನು ಬೆಂಕಿ ಬಿದ್ದರೆ ತಿಳಿಸಬೇಕು, ಬಂದು ಆರಿಸಬೇಕು. ಅಂದರೆ ಬಿಟ್ಟಿ ಚಾಕರಿಗೆ ಕಾನೂನು. ಊರ ಗೌಡನ ಮನೆಯ ಬಿಟ್ಟಿ ಚಾಕರಿ ಬಗ್ಗೆ ನಾವು ಭಾಷಣ ಮಾಡುತ್ತೇವೆ, ಕಾಡಿನ ಬಿಟ್ಟಿ ಚಾಕರಿ ನಮ್ಮ ಕಣ್ಣಿಗೇ ಬಿದ್ದಿಲ್ಲ.

2019ರ ಫೆಬ್ರುವರಿಯನ್ನ ಬಿಡಿಸಿ ನೋಡಬೇಕು. ಆ ತಿಂಗಳ 13ರಂದು ಸುಪ್ರೀಂ ಕೋರ್ಟು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದವರನ್ನ ಕಾಡಿನಿಂದ ಎಬ್ಬಿಸಿ ಅಂತ ರಾಜ್ಯಗಳಿಗೆ ಹೇಳಿತು. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿ. ಕರ್ನಾಟಕದ್ದು ಸುಮಾರು ಒಂದೂಮುಕ್ಕಾಲು ಲಕ್ಷ. ಒಂದು ವಾರ ಕಳೆದು ಬಂಡೀಪುರ ಹೊತ್ತಿಕೊಂಡಿತು. ಗೋಪಾಲಸ್ವಾಮಿ ಬೆಟ್ಟದ ವಲಯ ಕರಿ ಬೂದಿಯಾಯಿತು, ಉಪಗ್ರಹದ ಲೆಕ್ಕದಲ್ಲಿ 4,000 ಹೆಕ್ಟೇರಿಗೂ ಹೆಚ್ಚು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರು ಬಂದು ಕೆರೆಯ ನೀರು ಮೊಗೆದು ಸುರಿಯಿತು. ಹೆಲಿಕಾಪ್ಟರಿನ ಫೋಟೋ ಎಲ್ಲಾ ಪತ್ರಿಕೆಯ ಮುಖಪುಟದಲ್ಲಿ ಬಂತು. ಅದಕ್ಕೆ ಮೊದಲು ಹಗಲು ರಾತ್ರಿ ಸೊಪ್ಪು ಬಡಿದವರ ಫೋಟೋ ಎಲ್ಲಿ? ಬೆಂಕಿ ಆರಿಸಲು ಓಡಿದವರಲ್ಲಿ ಅದೇ ಕೋರ್ಟು ಎಬ್ಬಿಸಿ ಅಂದ ಮನೆಯವರೂ ಇದ್ದರೋ ಇಲ್ಲವೋ ಅಂತ ಯಾವ ಪತ್ರಕರ್ತನೂ ಹೋಗಿ ಕೇಳಲಿಲ್ಲ. ದೇಶದ ತುಂಬ ಗಲಾಟೆಯಾಗಿ 28ನೇ ತಾರೀಖು ಕೋರ್ಟೇ ತನ್ನ ಆದೇಶ ತಡೆಹಿಡಿಯಿತು.

ಆ ಒಂದೂಮುಕ್ಕಾಲು ಲಕ್ಷದಲ್ಲಿ ಹೆಚ್ಚಿನವು ಯಾರವು ಗೊತ್ತೇ? ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳದ್ದು. ಕಾಡಂಚಿನ ದಲಿತರು ಬರುವುದು ಈ ಹೆಸರಿನ ಕೆಳಗೇ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದನ್ನ ತೋರಿಸಬೇಕು. 75 ವರ್ಷದ ಹಿಂದೆ ನಮ್ಮ ತಾತನ ಹೆಸರನ್ನ ಯಾವ ಶಾನುಭೋಗ ಯಾವ ಪುಸ್ತಕದಲ್ಲಿ ಬರೆದ? ಪಹಣಿ ಇದ್ದವನು ಕಾಡಿಗೆ ಯಾಕೆ ಹೋಗುತ್ತಿದ್ದ? ಆದರೆ ಒಂದು ಮಾತು ನೆನಪಿಡಿ, ಇದನ್ನ ಅರ್ಜಿ ತಿರಸ್ಕರಿಸುವವರು ಹೇಳುವುದಿಲ್ಲ. 2008ರ ನಿಯಮಗಳ 13ನೇ ನಿಯಮದಲ್ಲಿ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ ಅಂತಿದೆ. ಹಳೆಯ ಬಾವಿ, ಗೋರಿ, ದೇವರ ಕಲ್ಲು ಇವೂ ಸಾಕ್ಷಿಯೇ. ಒಂದಕ್ಕಿಂತ ಹೆಚ್ಚು ಸಾಕ್ಷಿ ಬೇಕು, ಅಷ್ಟೆ. ಹೇಳಿಕೆ ಕೊಡುವ ಅಜ್ಜ ಅಜ್ಜಿಯರು ವರ್ಷಕ್ಕೆ ಇಬ್ಬರು ಮೂವರಂತೆ ಸಾಯುತ್ತಿದ್ದಾರೆ. ಅವರ ಜೊತೆ ನಮ್ಮ ದಾಖಲೆಯೂ ಮಣ್ಣಿಗೆ ಹೋಗುತ್ತಿದೆ.

ಆಗುವುದಿಲ್ಲ ಅನ್ನೋ ಮಾತು ಬೇಡ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರು ಹೋರಾಡಿ ತಗೊಂಡರು. ಜನ ಒಳಗಿದ್ದರೆ ಹುಲಿ ಉಳಿಯುವುದಿಲ್ಲ ಅಂದರಲ್ಲ, ಆಮೇಲೆ ಸರ್ಕಾರದ್ದೇ ಗಣತಿಯಲ್ಲಿ ಅಲ್ಲಿನ ಹುಲಿ ಹೆಚ್ಚಾಗಿ ಕಂಡವು. ಇನ್ನೊಂದು ಕಡೆ ನಾಗರಹೊಳೆ. ಜನರನ್ನ ಹೊರಗೆ ಹಾಕಿದ ಆ ಕಾಡಿನಲ್ಲಿ ದೊಡ್ಡ ಹೋಟೆಲಿಗೆ ಜಾಗ ಕೊಡಲು ಹೋದದ್ದನ್ನ 1997ರಲ್ಲಿ ಹೈಕೋರ್ಟು ತಡೆಯಬೇಕಾಯಿತು. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ, ತಮ್ಮ ಹಳೆಯ ಜಾಗಕ್ಕೆ ವಾಪಸ್ಸು ನಡೆದು ಹೋಗಿ ಗುಡಿಸಲು ಹಾಕಿದರು. ಕಾಯ್ದೆಯ ಕಲಂ 3(1)ರಲ್ಲಿ ಕಾಡನ್ನ ಕಾಯುವ, ಬೆಳೆಸುವ, ನೋಡಿಕೊಳ್ಳುವ ಹಕ್ಕು ಗ್ರಾಮಸಭೆಯ ಜನರದ್ದು ಅಂತಲೇ ಇದೆ. ಕಾಯುವ ಹಕ್ಕು, ಕಾಯುವ ಕೂಲಿಯಲ್ಲ.

ಗೆಳೆಯರೇ, ಪರೀಕ್ಷೆ ಮುಗಿಸಿ ಊರಿಗೆ ಹೋಗುವ ಹೊತ್ತು ಬೆಂಕಿ ಕಾಲದ ಹೊತ್ತೇ. ಊರಿಗೆ ಹೋದಾಗ ಒಂದು ಪುಸ್ತಕ, ಒಂದು ಪೆನ್ನು ಇಟ್ಟುಕೊಳ್ಳಿ. ಕೇರಿಯಲ್ಲಿ, ಹಾಡಿಯಲ್ಲಿ, ಪೋಡಿನಲ್ಲಿ ಬೆಂಕಿ ಕಾವಲಿಗೆ ಹೋದವರನ್ನ ಕೂರಿಸಿಕೊಂಡು ಬರೆದುಕೊಳ್ಳಿ: ಯಾವ ವರ್ಷ, ಯಾವ ವಲಯ, ಎಷ್ಟು ದಿನ, ಎಷ್ಟು ಕೂಲಿ ಅಂದರು, ಎಷ್ಟು ಕೈಗೆ ಬಂತು, ಗಾಯವಾದಾಗ ಆಸ್ಪತ್ರೆ ಖರ್ಚು ಯಾರು ಕೊಟ್ಟರು. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರ ಹೇಳಿಕೆಯನ್ನ ಪ್ರತ್ಯೇಕ ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಹಾಕಿಸಿ, ಅದನ್ನ ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ, ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ಮತ್ತೆ 2005ರ ಮಾಹಿತಿ ಹಕ್ಕಿನಲ್ಲಿ ವಲಯ ಕಚೇರಿಗೆ ಅರ್ಜಿ ಹಾಕಿ, ಹೋದ ಬೇಸಿಗೆಯ ಬೆಂಕಿ ಕಾವಲಿನ ಎನ್.ಎಂ.ಆರ್. ಪಟ್ಟಿಯ ನಕಲು, ಕೂಲಿ ಪಾವತಿಯ ಬಿಲ್ಲಿನ ನಕಲು ಕೇಳಿ. ನೀವು ಬರೆದುಕೊಂಡದ್ದನ್ನೂ ಅವರು ಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೆಸರಿಗೆ ತಾಳೆ ನೋಡಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎನ್.ಎಂ.ಆರ್.ಗೆ ಒಂದು, ಬಿಲ್ಲಿಗೆ ಒಂದು ಅಂತ ಬೇರೆ ಬೇರೆ ಹಾಕಿ, ಇಲ್ಲದಿದ್ದರೆ ಅದೇ ನೆಪ ಹೇಳಿ ವಾಪಸ್ಸು ಕಳಿಸುತ್ತಾರೆ. ಶುಲ್ಕ ಹತ್ತು ರೂಪಾಯಿ. ಮನೆಯಲ್ಲಿ ಬಿ.ಪಿ.ಎಲ್. ಕಾರ್ಡಿದ್ದರೆ ಅದರ ಜೆರಾಕ್ಸ್ ಲಗತ್ತಿಸಿ, ಆ ಹತ್ತೂ ಬೇಡ. 30 ದಿನದಲ್ಲಿ ಉತ್ತರ ಬರಬೇಕು.